ಲಂಗೋಟಿ ಎಣಿಸುವವನ ಟಿಪ್ಪಣಿಗಳು

ದಿನ 3

ಬೆಳಿಗ್ಗೆ 11.20ಕ್ಕೆ ಮಗಳು ಆಸ್ಪತ್ರೆಯಿಂದ ಮನೆಗೆ ಬಂದಳು, ಜೊತೆಗೆ ಮೊಮ್ಮಗಳು ಪುಟ್ಟಿ. ಹಾಸನದಲ್ಲಿ ಜಿಟಿಜಿಟಿ ಮಳೆ. ಇವಳು, ನನ್ನ ಹೆಂಡತಿ, ಆರತಿ ಎತ್ತಿ ಒಳಗೆ ಕರೆದುಕೊಂಡಳು, ನಾನು ವೇಳೆ ಬರೆದುಕೊಂಡೆ. 31 ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನಿಗೆ ಬಂದದ್ದು, ಹೋದದ್ದು ಬರೆಯದಿದ್ದರೆ ಆ ದಿನ ನಡೆದೇ ಇಲ್ಲ ಅನ್ನಿಸುತ್ತದೆ.

ಮಧ್ಯಾಹ್ನ ಆಶಾ ಕಾರ್ಯಕರ್ತೆ ಬಂದರು. ಅವರ ಭೇಟಿಯ ಪಟ್ಟಿ ಕೇಳಿ ಖುಷಿಯಾಯಿತು: 3, 7, 14, 21, 28 ಮತ್ತು 42ನೇ ದಿನ. ಪುಟ್ಟಿಯನ್ನು ಜೋಳಿಗೆಯಂಥ ಬಟ್ಟೆಯಲ್ಲಿ ಮಲಗಿಸಿ ತಕ್ಕಡಿಗೆ ತೂಗುಹಾಕಿದರು. 2700 ಗ್ರಾಂ. ಹುಟ್ಟಿದಾಗ 2900 ಇತ್ತು.

"200 ಗ್ರಾಂ ಎಲ್ಲಿ ಹೋಯ್ತಮ್ಮ?" ಎಂದೆ, ಲಗೇಜು ಕಳೆದುಕೊಂಡವನ ಹಾಗೆ.

"ಮೊದಲು ಎಲ್ಲ ಮಕ್ಕಳೂ ಇಳೀತಾರೆ ಸಾರ್. ನೂರಕ್ಕೆ ಏಳರಷ್ಟು ಅಂದ್ರೆ ಗಾಬರಿ ಬೇಡ, ಹತ್ತು ದಾಟಬಾರದು. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು."

ಸಂಜೆ ಅಳಿಯನ ಅಕ್ಕ ಅಮೆರಿಕದಿಂದ ಕಳಿಸಿದ್ದ ಪೆಟ್ಟಿಗೆ ಬಿಚ್ಚಿದೆವು. ಟೋಪಿ, ಕಾಲುಚೀಲ, ಮತ್ತೊಂದು ಪುಟ್ಟ ಡಬ್ಬಿ. ಡಬ್ಬಿಯೊಳಗೆ ಹಾಲಿನ ಬಾಟಲಿಯ ನಿಪ್ಪಲ್ಲಿನ ಹಾಗಿರುವುದೊಂದು. ತೂತಿಲ್ಲ, ಹಿಂದೆ ಬಾಟಲಿಯೂ ಇಲ್ಲ. ಮೇಲೆ ಅಚ್ಚಾಗಿತ್ತು: 0–6 ತಿಂಗಳು.

ದಿನ 4

ಅದನ್ನು ಯಾವಾಗ ಕೊಡಬೇಕು? ಸುಮ್ಮನೆ ಕೇಳಿದೆ. ಬಂದ ಉತ್ತರಗಳು ಹೀಗಿವೆ.

ಆಸ್ಪತ್ರೆಯ ಗೋಡೆಯ ಪಟ: ಎಂದೂ ಬೇಡ.
ಡಬ್ಬಿ: ಸೊನ್ನೆಯಿಂದ.
ಅಳಿಯನ ಅಕ್ಕ, ಫೋನಿನಲ್ಲಿ: "ಒಂದು ತಿಂಗಳು ಬಿಡಿ ಮಾವ, ಆಮೇಲೆ ಕೊಡಿ."
ಮೆಡಿಕಲ್ ಸ್ಟೋರಿನ ಹುಡುಗ: "ಅಳೋದು ಶುರುವಾದಾಗ ಸಾರ್."
ಪುಟ್ಟಿಗೆ ಎಣ್ಣೆ ಹಚ್ಚಿ ನೀರು ಹಾಕಲು ಬರುವ ಅಜ್ಜಮ್ಮ: "ತಾಯಿ ಇಲ್ವಾ? ಇನ್ನು ರಬ್ಬರ್ ಯಾಕೆ?"
ಇವಳು: "ರೀ, ಮಗು ಬಂದು ಎರಡು ದಿನ ಆಗಿಲ್ಲ, ನಿಮ್ಮದು ಶುರುವಾಯ್ತಾ?"

ಒಂದೇ ಬಸ್ಸಿಗೆ ಆರು ಹೊರಡುವ ವೇಳೆ. ನಿಲ್ದಾಣದಲ್ಲಾಗಿದ್ದರೆ ಗಲಾಟೆಯಾಗುತ್ತಿತ್ತು.

ದಿನ 5

ಹೆಸರಿನಲ್ಲೇ ಜಗಳವಿದೆ. ಅಮೆರಿಕದವರು ಪ್ಯಾಸಿಫೈಯರ್ ಅನ್ನುತ್ತಾರೆ, ಸಮಾಧಾನ ಮಾಡುವಂಥದ್ದು ಎಂದರ್ಥ. ಇಂಗ್ಲೆಂಡಿನವರು ಅದನ್ನೇ ಡಮ್ಮಿ ಅನ್ನುತ್ತಾರೆ. ಡಮ್ಮಿ ಎಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಪ್ರತಿ ಚುನಾವಣೆಯಲ್ಲೂ ನಾಮಪತ್ರ ಹಾಕಿಸಿ ಇಟ್ಟಿರುತ್ತಾರೆ. ಒಬ್ಬರಿಗೆ ಅದು ಮಾಡುವ ಉಪಕಾರ ಕಂಡಿದೆ, ಇನ್ನೊಬ್ಬರಿಗೆ ಅದು ಹಾಕಿರುವ ವೇಷ. ನಮ್ಮ ಮನೆಯಲ್ಲಿ ಸದ್ಯಕ್ಕೆ "ಆ ನಿಪ್ಪಲ್ಲು".

ಲಂಗೋಟಿ ಎಣಿಸುವ ಕೆಲಸ ನನ್ನ ಪಾಲಿಗೆ ಬಂತು. ಮಳೆಗೆ ಯಾವುದೂ ಒಣಗುತ್ತಿಲ್ಲ, ಜಗಲಿಯ ಹಗ್ಗದ ತುಂಬ ಅವೇ. ಇವತ್ತಿನಿಂದ ದಿನಕ್ಕೆ ಆರಾದರೂ ಉಚ್ಚೆ ಲಂಗೋಟಿ ಆಗಬೇಕಂತೆ. ಹಾಲು ಎಷ್ಟು ಹೋಯಿತು ಎಂದು ಮೊಲೆಯ ಮೇಲೆ ಗೆರೆ ಎಳೆದಿರುವುದಿಲ್ಲವಲ್ಲ. ಹೊರಗೆ ಬಂದದ್ದನ್ನು ನೋಡಿ ಒಳಗೆ ಹೋದದ್ದನ್ನು ತಿಳಿಯಬೇಕು. ಇವತ್ತು: 5.

ದಿನ 6, ರಾತ್ರಿ

ಬರೆಯಲು ಸಂಕೋಚ. ಆದರೆ ಲಾಗ್‌ಶೀಟಿನಲ್ಲಿ ಅಪಘಾತ ಮುಚ್ಚಿಡುವ ಅಭ್ಯಾಸ ನನಗಿಲ್ಲ.

1.50: ಹಾಲು ಕುಡಿದು ಮಲಗಿತು.
2.40: ಅಳು.

ಐವತ್ತೇ ನಿಮಿಷ! ಎರಡು ಗಂಟೆಗೊಮ್ಮೆ ಹಾಲು ಎಂದು ನನ್ನ ತಲೆಯಲ್ಲಿ ಕೂತಿತ್ತು. ಮಗಳು ಐದು ದಿನದಿಂದ ನಿದ್ದೆ ಕೆಟ್ಟವಳು, ಎದೆ ನೋವೆಂದು ಹಲ್ಲು ಕಚ್ಚಿಕೊಂಡೇ ಹಾಲು ಕೊಡುತ್ತಿದ್ದಾಳೆ. ಯಾರಿಗೂ ಹೇಳದೆ ಅಡುಗೆಮನೆಗೆ ಹೋಗಿ, ಕಾಫಿ ಪಾತ್ರೆಯಲ್ಲಿ ಆ ನಿಪ್ಪಲ್ಲನ್ನು ಐದು ನಿಮಿಷ ಕುದಿಸಿ, ಆರಿಸಿ, ಬಟ್ಟಲಲ್ಲಿಟ್ಟುಕೊಂಡು ಕೋಣೆಯ ಬಾಗಿಲಿಗೆ ಬಂದೆ.

"ಅಪ್ಪ, ಏನದು ಕೈಯಲ್ಲಿ?"

"ಏನಿಲ್ಲಮ್ಮ. ನೀನು ಸ್ವಲ್ಪ ಮಲಗು ಅಂತ…"

"ಅವಳಿಗೆ ಹಸಿವು ಅಪ್ಪ. ನೋಡಿ, ಆಗಿನಿಂದ ಬಾಯಿ ಹುಡುಕ್ತಾ ಇದೆ."

ನೋಡಿದೆ. ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ, ಬಾಯಿ ತೆರೆದು, ಮುಷ್ಟಿಯನ್ನು ಬಾಯಿಗೆ ತರುತ್ತಿತ್ತು. ಅಳು ಕೊನೆಯ ಗಂಟೆ, ಇವೆಲ್ಲ ಮೊದಲ ಗಂಟೆ. ಕೊನೆಯದು ಮಾತ್ರ ನನ್ನ ಕಿವಿಗೆ ಬಿದ್ದಿತ್ತು. ಪುಟ್ಟಿ ಮತ್ತೆ ಇಪ್ಪತ್ತು ನಿಮಿಷ ಕುಡಿಯಿತು. ಆ ರಬ್ಬರು ಬಾಯಿಗೆ ಹೋಗಿದ್ದರೆ ಚೀಪುತ್ತಾ ಮಲಗಿಬಿಡುತ್ತಿತ್ತೋ ಏನೋ. ಲಾಗ್‌ಶೀಟಿನಲ್ಲಿ "ಶಾಂತ" ಎಂದು ಬರೆದು ನಾನೂ ಮಲಗುತ್ತಿದ್ದೆ. ಒಂದು ಟ್ರಿಪ್ಪು ರದ್ದಾದದ್ದು ಗೊತ್ತೇ ಆಗುತ್ತಿರಲಿಲ್ಲ.

ದಿನ 7

ತೂಕ 2750. ಏರುಮುಖ.

ಎದೆನೋವಿನ ವಿಷಯ ಆಶಾ ಕಾರ್ಯಕರ್ತೆಗೆ ಹೇಳಿದ್ದಕ್ಕೆ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಒಬ್ಬರು ನರ್ಸು ಹತ್ತೇ ನಿಮಿಷದಲ್ಲಿ ಸರಿಮಾಡಿದರಂತೆ. ಪುಟ್ಟಿ ತೊಟ್ಟನ್ನಷ್ಟೇ ಕಚ್ಚಿಕೊಳ್ಳುತ್ತಿತ್ತು. ಬಾಯಿ ಅಗಲ ತೆರೆದಾಗ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗುವಂತೆ ಹಿಡಿಯಬೇಕು, ಗದ್ದ ಎದೆಗೆ ತಾಗಿರಬೇಕು. ಮೊಲೆ ಹಿಡಿಯಲು ಬಾಯಿ ಆಕಳಿಸಿದಷ್ಟು ತೆರೆಯಬೇಕು. ರಬ್ಬರಿಗೆ ತುಟಿ ಮೂತಿ ಮಾಡಿದರೂ ಸಾಕು. ಎರಡೂ ಬೇರೆ ಬೇರೆ ವಿದ್ಯೆ. ಒಂದನ್ನೇ ಇನ್ನೂ ಕಲಿಯುತ್ತಿರುವ ಮಗುವಿಗೆ ಇನ್ನೊಂದನ್ನು ಕೊಟ್ಟು ಗಲಿಬಿಲಿ ಮಾಡಬಾರದು ಎಂದು ಕೆಲವರ ಮಾತು. ಹಾಗೇನೂ ಗಲಿಬಿಲಿ ಆಗುವುದಿಲ್ಲ ಎನ್ನುವವರೂ ಇದ್ದಾರಂತೆ.

ನರ್ಸಮ್ಮ ಹೇಳಿದ ಇನ್ನೊಂದು ಮಾತು ನನಗೆ ಚೆನ್ನಾಗಿ ಅರ್ಥವಾಯಿತು. ಮಗು ಎಷ್ಟು ಸಲ ಎಳೆಯುತ್ತದೋ ಅಷ್ಟು ಹಾಲು ಊರುತ್ತದೆ. ಎದೆಯಲ್ಲಿ ಹಾಲು ಉಳಿದರೆ, ಇಷ್ಟು ಬೇಡವಾಗಿದೆ ಎಂದು ಮೈ ತಿಳಿದುಕೊಳ್ಳುತ್ತದೆ. ನಮ್ಮ ಡಿಪೋದ ಲೆಕ್ಕವೂ ಅದೇ. ಒಂದು ರೂಟಿನಲ್ಲಿ ಕೆಲವು ದಿನ ಜನ ಹತ್ತದಿದ್ದರೆ ಆಮೇಲೆ ಆ ಟ್ರಿಪ್ಪೇ ಇರುವುದಿಲ್ಲ. ಮತ್ತೆ ಹಾಕಿಸಬೇಕಾದರೆ ಊರಿನವರು ಅರ್ಜಿ ಹಿಡಿದು ಅಲೆಯಬೇಕು. ಮೊದಲ ವಾರಗಳಲ್ಲಿ ಪುಟ್ಟಿ ರಬ್ಬರ್ ಚೀಪಿ ಕಳೆದ ಪ್ರತಿ ಅರ್ಧ ಗಂಟೆಯೂ ಖಾಲಿ ಓಡಿದ ಬಸ್ಸು.

ದಿನ 10

ಕೈಗಡಿಯಾರವನ್ನು ಇವಳ ಕೈಗೆ ಕೊಟ್ಟು ಕೋಣೆಯೊಳಗೆ ಕಳಿಸಿದೆ. ಚೀಪುವುದನ್ನು ಎಣಿಸಿಕೊಂಡು ಬರಬೇಕು. ಬೈದುಕೊಂಡೇ ಹೋದಳು. ಬಂದ ಮೇಲೆ ಮುಖದಲ್ಲಿ ಕುತೂಹಲವಿತ್ತು.

"ಮೊದಲು ಚುಟುಚುಟು ಅಂತು. ಆಮೇಲೆ ಹಾಲಿಳಿದಾಗ ನಿಧಾನ, ಎಳೆದು ಎಳೆದು, ಗುಟುಕ್ ಅಂತ ಸದ್ದು. ನಿಮಿಷಕ್ಕೆ ಅರವತ್ತು. ಹೊಟ್ಟೆ ತುಂಬ್ತಾ ಬಂದ ಹಾಗೆ ಮತ್ತೆ ಚುಟುಚುಟು. ಎಣಿಸೋಕೇ ಆಗಲಿಲ್ಲ ಬಿಡಿ."

ಪುಸ್ತಕದಲ್ಲೂ ಹೀಗೇ ಇದೆ: ಹಾಲು ಬರುವಾಗ ಸೆಕೆಂಡಿಗೆ ಒಂದರಂತೆ, ಬರೀ ಚೀಪುವಾಗ ಸುಮಾರು ಎರಡರಂತೆ. ಅಂದರೆ ಚೀಪುವುದರಲ್ಲಿ ಎರಡು ಬಗೆ, ಹೊಟ್ಟೆಗೊಂದು, ನೆಮ್ಮದಿಗೊಂದು. ಈ ಎರಡನೆಯದು ರಬ್ಬರಿನಿಂದ ಹುಟ್ಟಿದ್ದಲ್ಲ. ಗರ್ಭದಲ್ಲಿರುವಾಗಲೇ ಮಕ್ಕಳು ಬೆರಳು ಚೀಪುವುದು ಸ್ಕ್ಯಾನಿಂಗಿನಲ್ಲಿ ಕಾಣುತ್ತದೆ. ಹಾಗಾದರೆ ಅಜ್ಜಮ್ಮನ "ರಬ್ಬರ್ ಯಾಕೆ" ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಯಿತು. ಇನ್ನರ್ಧ ತಾಯಿಯ ಹತ್ತಿರವೇ ಇದೆ: ಎರಡನೆಯ ಬಗೆಯ ಚೀಪಾಟಕ್ಕೂ ಅವಳೇ ಕೂತಿರಬೇಕೇ? ಮೊದಲ ವಾರಗಳಲ್ಲಿ ಹೌದು, ಅದರಿಂದಲೂ ಹಾಲು ಊರುತ್ತದೆ. ಆಮೇಲೆ?

ಲಂಗೋಟಿ: 8.

ದಿನ 12

ಪುಟ್ಟಿಯನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಮನೆ ತುಂಬ ನೆಂಟರು, ಪ್ರತಿಯೊಬ್ಬರಿಗೂ ಒಂದೊಂದು ವೈದ್ಯ ಗೊತ್ತು. ಮಗು ಎರಡು ಸಲ ಅತ್ತದ್ದಕ್ಕೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿ ಎಂದರು. ಆ ನಿಪ್ಪಲ್ಲು ಕಂಡ ಇನ್ನೊಬ್ಬರು ಅದನ್ನೇ ಜೇನಿಗೆ ಅದ್ದಿ ಕೊಡಿ ಎಂದರು. ವರ್ಷ ತುಂಬುವವರೆಗೆ ಜೇನು ಬಾಯಿಗೆ ತೋರಿಸಲೂ ಕೂಡದು ಎಂದು ಡಾಕ್ಟರು ಮೊದಲೇ ಹೇಳಿದ್ದರು: ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣ ಎಳೆಯ ಕರುಳಿನಲ್ಲಿ ಬೆಳೆದು ವಿಷವಾಗಿ ಮೈಯ ಶಕ್ತಿಯನ್ನೇ ಎಳೆಯುತ್ತದೆ. "ನಿಮ್ಮನ್ನೆಲ್ಲ ಹಾಗೇ ಬೆಳೆಸಿದ್ದು" ಎಂದು ದೊಡ್ಡಮ್ಮ ಮುನಿಸಿಕೊಂಡರು. ಮಗಳು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಊಟವಾದ ಮೇಲೆ ದೊಡ್ಡಮ್ಮನೇ ನೆನಪು ತೆಗೆದರು. ಗದ್ದೆ ಕೆಲಸದ ದಿನಗಳಲ್ಲಿ ಬೆಲ್ಲದ ಚೂರನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮಗುವಿನ ಬಾಯಿಗಿಟ್ಟು ಹೋಗುತ್ತಿದ್ದರಂತೆ. ಇಂಥದೇ ಬಟ್ಟೆಗಂಟು 1506ರ ಒಂದು ಚಿತ್ರದಲ್ಲೂ ಇದೆ. ಜರ್ಮನಿಯ ಡ್ಯೂರರ್ ಬರೆದ ಮಾತೆ ಮೇರಿಯ ಆ ಚಿತ್ರ ಬರ್ಲಿನ್ನಿನಲ್ಲಿದೆ. ಬಾಲ ಯೇಸುವಿನ ಕೈಯಲ್ಲೇ ಗಂಟು ಇದೆ. ಅಳಿಯ ಫೋನಿನಲ್ಲಿ ತೋರಿಸಿದ. ಈಗಿನ ಆಕಾರದ್ದಕ್ಕೆ ಅಮೆರಿಕದಲ್ಲಿ ಕ್ರಿಶ್ಚಿಯನ್ ಮೈನೆಕಿ ಎಂಬವರು ಪೇಟೆಂಟ್ ಪಡೆದದ್ದು 1900ರಲ್ಲಿ. ಬೆಲ್ಲದ ಗಂಟನ್ನು ಕೊಡುವ ತಾಯಂದಿರು ಯಾವ ವಾರದಿಂದ ಎಂದು ಎಣಿಸುತ್ತಿದ್ದರೇ? ಕೇಳಿದೆ. "ನಾಟಿ ಶುರುವಾದಾಗ" ಎಂದರು ದೊಡ್ಡಮ್ಮ.

ಏಳನೇ ವೇಳೆ ಸಿಕ್ಕಿತು.

ದಿನ 14

ತೂಕ 2900! ಕಳೆದ ಲಗೇಜು ಸಿಕ್ಕಿತು. ಲಂಗೋಟಿ: 9. ಎದೆನೋವು ಇಲ್ಲ.

ದಿನ 17

ಆ ನಿಪ್ಪಲ್ಲಿನ ಬಗ್ಗೆ ಅಳಿಯ ಕಳಿಸಿದ್ದನ್ನೆಲ್ಲ ಕೂತು ಓದಿದೆ. ಓದಿದಷ್ಟೂ ಗೊಂದಲ. ಬರೆದಿಟ್ಟರೆ ತಿಳಿಯಾಗುವುದೋ ನೋಡೋಣ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಹೆರಿಗೆ ಆಸ್ಪತ್ರೆಗಳಿಗೆ ಹತ್ತು ಸೂತ್ರ ಕೊಟ್ಟವು. ಎದೆಹಾಲು ಕುಡಿಯುವ ಮಗುವಿಗೆ ಕೃತಕ ನಿಪ್ಪಲ್, ಪ್ಯಾಸಿಫೈಯರ್ ಕೊಡಲೇಬೇಡಿ ಎಂಬುದು ಒಂಬತ್ತನೆಯದು. ಗೋಡೆಯ ಪಟ ಅಲ್ಲಿಂದ ಬಂದಿರಬೇಕು. 2018ರಲ್ಲಿ ಅವರೇ ಒಂಬತ್ತನೆಯದನ್ನು ಬದಲಿಸಿದರು: ಬಾಟಲಿ, ನಿಪ್ಪಲ್, ಪ್ಯಾಸಿಫೈಯರ್‌ಗಳ ಬಳಕೆ ಮತ್ತು ಅಪಾಯ ಎರಡನ್ನೂ ತಾಯಂದಿರಿಗೆ ತಿಳಿಸಿ ಹೇಳಿ. "ಬೇಡ" ಹೋಗಿ "ತಿಳಿಸಿ" ಬಂತು. 29 ವರ್ಷದಲ್ಲಿ ಏನಾಯಿತು?

ಅಮೆರಿಕದ ರಾಚೆಸ್ಟರ್‌ನಲ್ಲಿ ಎದೆಹಾಲಿನ 700 ಮಕ್ಕಳ ಮೇಲೆ ನಡೆದ ಅಧ್ಯಯನ, 2003. ಕೆಲವರಿಗೆ ಹುಟ್ಟಿದ 2–5 ದಿನದಲ್ಲೇ ಪ್ಯಾಸಿಫೈಯರ್, ಉಳಿದವರಿಗೆ ನಾಲ್ಕು ವಾರದ ಮೇಲೆ. ಬೇಗ ಕೊಟ್ಟ ಗುಂಪಿನಲ್ಲಿ ಒಂದು ತಿಂಗಳ ಹೊತ್ತಿಗೆ ಬರೀ ಎದೆಹಾಲಿನಲ್ಲಿ ಉಳಿದವರು ಕಡಿಮೆ. ಅಳಿಯನ ಅಕ್ಕನ ಲೆಕ್ಕ ಸರಿ ಎಂದುಕೊಂಡೆ.

ಕೆನಡಾದ ಮಾಂಟ್ರಿಯಲ್, 2001, 281 ಜೋಡಿ ತಾಯಿ-ಮಗು. ಬರೀ ನೋಡಿ ಲೆಕ್ಕ ಹಾಕಿದಾಗ, ದಿನಾ ಪ್ಯಾಸಿಫೈಯರ್ ಬಳಸಿದವರಲ್ಲಿ ಮೂರು ತಿಂಗಳೊಳಗೆ ಎದೆಹಾಲು ಬಿಡಿಸಿದವರು ನೂರಕ್ಕೆ 25, ಬಳಸದವರಲ್ಲಿ 12.9. ದುಪ್ಪಟ್ಟು! ಆದರೆ ಚೀಟಿ ಎತ್ತಿ ಗುಂಪು ಮಾಡಿ, ಒಂದು ಗುಂಪಿಗೆ ಪ್ಯಾಸಿಫೈಯರ್ ಬಿಟ್ಟು ಬೇರೆ ರೀತಿ ಸಮಾಧಾನಪಡಿಸಿ ಎಂದು ಹೇಳಿಕೊಟ್ಟಾಗ ಎರಡು ಗುಂಪಿನ ಅಂಕಿ 18.9 ಮತ್ತು 18.3. ವ್ಯತ್ಯಾಸವೇ ಇಲ್ಲ.

ಇಲ್ಲಿ ಪುಸ್ತಕ ಮುಚ್ಚಿ ಜಗಲಿಗೆ ಹೋಗಿ ನಿಂತೆ. ಹಗ್ಗದ ಮೇಲಿನ ಲಂಗೋಟಿ ನೋಡುತ್ತಾ ಡಿಪೋದ ಬ್ರೇಕ್‌ಡೌನ್ ವ್ಯಾನು ನೆನಪಾಯಿತು. ಅದು ನಿಂತಿರುವ ಕಡೆಯಲ್ಲೆಲ್ಲ ಒಂದು ಬಸ್ಸು ಕೆಟ್ಟು ನಿಂತಿರುತ್ತದೆ. ಹಾಗೆಂದು ಬಸ್ಸನ್ನು ವ್ಯಾನು ಕೆಡಿಸಿತು ಎನ್ನಬಹುದೇ? ಹಾಲು ಹಿಡಿಸದೆ, ನೋವಾಗಿ, ಹಾಲು ಸಾಲದೆನಿಸಿ ಕಂಗೆಟ್ಟ ತಾಯಿಯೇ ಮೊದಲು ಪ್ಯಾಸಿಫೈಯರ್ ಹುಡುಕುತ್ತಾಳೆ. ಅವಳೇ ಹಾಲು ಬೇಗ ಬಿಡಿಸುತ್ತಾಳೆ. ಆರನೇ ರಾತ್ರಿ ನಾನು ಅಡುಗೆಮನೆಗೆ ಹೋದದ್ದು ಮಗಳ ಎದೆನೋವಿನಿಂದ. ರಬ್ಬರು ಆಮೇಲೆ ಬಂದದ್ದು.

ಅರ್ಜೆಂಟೀನಾ, 2009, 1021 ತಾಯಂದಿರು. ಹದಿನೈದು ದಿನವಾಗಿ ಹಾಲು ಕುದುರಿದ ಮೇಲೆ ಅರ್ಧದಷ್ಟು ಮಂದಿಗೆ ಪ್ಯಾಸಿಫೈಯರ್ ಕೊಟ್ಟು ನೋಡಿದರು. ಮೂರು ತಿಂಗಳಿಗೆ ಬರೀ ಎದೆಹಾಲಿನಲ್ಲಿದ್ದವರು 85.8 ಮತ್ತು 86.2. ಕಾಕ್ರೇನ್ ಎಂಬ ಸಂಸ್ಥೆಯವರು ಮಾಂಟ್ರಿಯಲ್, ಅರ್ಜೆಂಟೀನಾ ಎರಡೂ ಪ್ರಯೋಗಗಳ 1302 ಮಕ್ಕಳನ್ನು ಒಟ್ಟಿಗೆ ಲೆಕ್ಕಹಾಕಿ, ಹಾಲು ಕುಡಿಸುವ ಮನಸ್ಸು ಗಟ್ಟಿಯಾಗಿರುವ ತಾಯಂದಿರಲ್ಲಿ ನಾಲ್ಕು ತಿಂಗಳವರೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದರು. ಮನಸ್ಸು ಗಟ್ಟಿಯಾಗಿರುವ ತಾಯಂದಿರಲ್ಲಿ. ಈ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಇನ್ನೊಂದು, ಇದು ನಗು ಬರಿಸಿತು. ಅಮೆರಿಕದ ಆರೆಗನ್‌ನ ಒಂದು ಆಸ್ಪತ್ರೆಯಲ್ಲಿ ಎದೆಹಾಲು ಹೆಚ್ಚಲಿ ಎಂದು ಪ್ಯಾಸಿಫೈಯರ್‌ಗಳನ್ನು ಬೀಗ ಹಾಕಿ ಇಟ್ಟರು. ಬರೀ ಎದೆಹಾಲು ಕುಡಿಯುವ ಮಕ್ಕಳು ನೂರಕ್ಕೆ 79 ಇದ್ದವರು 68ಕ್ಕೆ ಇಳಿದರು. ಅಳು ತಡೆಯಲಾಗದೆ ಡಬ್ಬಿ ಹಾಲು ಕೊಟ್ಟರೋ, ಬೇರೆ ಕಾರಣವೋ. ಡಮ್ಮಿಯನ್ನು ಕಣದಿಂದ ತೆಗೆದರೆ ಗೆಲ್ಲುವವರು ನಾವೇ ಎಂದುಕೊಂಡಿರುತ್ತೇವೆ. ವೋಟು ಮೂರನೆಯವರಿಗೆ ಹೋಗಿರುತ್ತದೆ.

ದಿನ 19

ಇನ್ನೊಂದು ಗಂಟು. ಹಿಂದಿನ ಬೀದಿಯವರ ಮೊಮ್ಮಗು ಎಂಟನೇ ತಿಂಗಳಿಗೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿತ್ತು. ಅದಕ್ಕೆ ಮೂಗಿನ ಕೊಳವೆಯಲ್ಲಿ ಹಾಲು ಬಿಡುವಾಗ ಬಾಯಿಗೆ ಪುಟ್ಟ ಪ್ಯಾಸಿಫೈಯರ್ ಇಡುತ್ತಿದ್ದರಂತೆ. ಬೇಡ ಎನ್ನುವ ಆಸ್ಪತ್ರೆಯೇ ಕೊಡುತ್ತದೆಯೇ?

ಡಾಕ್ಟರನ್ನು ಕೇಳಿದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಎಳೆದು, ನುಂಗಿ, ಉಸಿರಾಡುವ ಮೂರನ್ನೂ ಒಟ್ಟಿಗೆ ಮಾಡಲು ಇನ್ನೂ ಬರುವುದಿಲ್ಲ. ಬರೀ ಚೀಪಿಸಿ ಅಭ್ಯಾಸ ಮಾಡಿಸಿದರೆ ಕೊಳವೆಯಿಂದ ಬಾಯಿಗೆ ಬರುವುದು ಬೇಗವಾಗುತ್ತದೆ, ಮನೆಗೂ ಬೇಗ ಹೋಗಬಹುದು. ಸೂಜಿ ಚುಚ್ಚುವಾಗ ನೋವು ಮರೆಸಲೂ ಕೊಡುತ್ತಾರೆ. ಅಲ್ಲಿ ಅದು ಔಷಧ. ಮನೆಯಲ್ಲಿ ಅದು ಏನು ಎಂಬುದು ಕೊಡುವವರ ಕೈಯಲ್ಲಿದೆ. ತಿಂಗಳು ತುಂಬಿ ಹುಟ್ಟಿದ ಪುಟ್ಟಿಗೆ ಆ ಲೆಕ್ಕ ಹಿಡಿಯುವಂತಿಲ್ಲ.

ದಿನ 21

ತೂಕ 3100.

ಅಳಿಯನ ಅಕ್ಕ "ಒಂದು ತಿಂಗಳು" ಎಂದದ್ದರ ಬೇರು ಸಿಕ್ಕಿತು. ಆರೋಗ್ಯವಾಗಿದ್ದ ಹಸುಗೂಸು ನಿದ್ದೆಯಲ್ಲೇ ಕಾರಣ ತಿಳಿಯದೆ ತೀರಿಕೊಳ್ಳುವುದುಂಟು. ಮಲಗುವಾಗ ಪ್ಯಾಸಿಫೈಯರ್ ಇದ್ದ ಮಕ್ಕಳಲ್ಲಿ ಅಂಥ ಸಾವು ಕಡಿಮೆ ಎಂದು ಹಲವು ಅಧ್ಯಯನ ಕಂಡದ್ದರಿಂದ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2005ರಲ್ಲಿ ಮಲಗಿಸುವಾಗ ಕೊಡಿ ಎಂದಿತು. ಎದೆಹಾಲಿನ ಮಗುವಾದರೆ ಒಂದು ತಿಂಗಳು ಕಳೆದ ಮೇಲೆ, ಹಾಲು ಕುದುರಿದ ಮೇಲೆ. ಬಾಯಿಯಲ್ಲಿ ರಬ್ಬರಿದ್ದರೆ ಯಾಕೆ ಕಡಿಮೆ ಎಂಬುದು ಅವರಿಗೂ ಪೂರ್ತಿ ಬಗೆಹರಿದಿಲ್ಲ. ಮಗುವನ್ನು ಅಂಗಾತ ಮಲಗಿಸುವುದು, ಗಟ್ಟಿ ಹಾಸಿಗೆ, ಎದೆಹಾಲು, ಹತ್ತಿರ ಬೀಡಿ ಸಿಗರೇಟು ಹೊಗೆ ಇಲ್ಲದಿರುವುದು, ಇವೆಲ್ಲ ಅದೇ ಪಟ್ಟಿಯಲ್ಲಿವೆ. ನಮ್ಮಲ್ಲಿ ಸಾಂಬ್ರಾಣಿ ಹೊಗೆಯನ್ನೂ ಇವತ್ತಿನಿಂದ ಅಂಗಳಕ್ಕೆ ಕಳಿಸಿದೆ. ಇವಳಿಗೂ ನನಗೂ ಮಾತಿಲ್ಲ.

ದಿನ 24

ಸಂಜೆಯ ಹಾಲು: 6.10, 6.50, 7.25, 8.05, 8.40. ಆಫೀಸು ಬಿಡುವ ಹೊತ್ತಿನ ಸಿಟಿ ಬಸ್ಸಿನ ಹಾಗೆ ಒಂದರ ಹಿಂದೊಂದು. ಇವಳು (ಮಾತು ಶುರುವಾಗಿದೆ) ಉಪ್ಪು ಮೆಣಸಿನಕಾಯಿ ನೀವಾಳಿಸಿ ದೃಷ್ಟಿ ತೆಗೆದಳು. ಸಂಜೆ ಹೀಗೆ ಮೇಲಿಂದ ಮೇಲೆ ಕುಡಿಯುವುದು ಮಕ್ಕಳ ಸ್ವಭಾವವೇ ಅಂತೆ. ಹಾಲು ಸಾಲದು ಎಂದು ಅರ್ಥವಲ್ಲ. ತುಂಬಾ ಜನ ಡಬ್ಬಿ ಹಾಲಿಗೋ ನಿಪ್ಪಲ್ಲಿಗೋ ಕೈಹಾಕುವುದು ಈ ಹೊತ್ತಿನಲ್ಲೇ. ಬೆಳಗಿನ ಲಂಗೋಟಿ ಲೆಕ್ಕ ನೋಡಿ ಧೈರ್ಯ ತಂದುಕೊಂಡೆವು. ದೃಷ್ಟಿ ತೆಗೆದ ಮೇಲೆ ಮಗು ಮಲಗಿತು ಎಂದೂ ಬರೆಯಬೇಕಂತೆ. ಬರೆದೆ.

ದಿನ 28

ತೂಕ 3350. ಆಶಾ ಕಾರ್ಯಕರ್ತೆಯ ಮುಖದಲ್ಲೇ ನಗು.

ಒಂದು ತಿಂಗಳಾದಂತೆಯೇ. ಹಾಗಾದರೆ ಇವತ್ತು ಕೊಡಬಹುದೇ? ಅದೇ ಅಕಾಡೆಮಿಯ 2022ರ ಸಲಹೆ ತೆಗೆದು ನೋಡಿದೆ. ವಾರದ ಲೆಕ್ಕದ ಬದಲು ಹಾಲು ಕುದುರಿದೆ ಎಂದರೇನು ಎಂದು ಬಿಡಿಸಿ ಹೇಳಿದ್ದಾರೆ: ಸಾಕಷ್ಟು ಹಾಲು, ನೋವಿಲ್ಲದೆ, ಪ್ರತಿ ಸಲವೂ ಸರಿಯಾಗಿ ಹಿಡಿದು ಎಳೆಯುವುದು, ತಕ್ಕ ಹಾಗೆ ತೂಕ ಏರುವುದು. ಇದಕ್ಕೆ ಬೇಕಾಗುವ ದಿನ ಒಬ್ಬೊಬ್ಬರಿಗೆ ಒಂದೊಂದು.

ನಾನು ನಾಲ್ಕು ವಾರದಿಂದ ಸರ್ಕಾರಿ ಬಸ್ಸಿನ ಹೊರಡುವ ವೇಳೆ ಹುಡುಕುತ್ತಿದ್ದೆ. ಇದು ನಿಲ್ದಾಣದ ಹೊರಗೆ ನಿಲ್ಲುವ ಟೆಂಪೊ. "ಎಷ್ಟೊತ್ತಿಗೆ ಹೊರಡುತ್ತೆ?" ಎಂದರೆ ಡ್ರೈವರ್ ತಲೆಯೆತ್ತದೆ "ತುಂಬಿದಾಗ" ಅನ್ನುತ್ತಾನೆ. 31 ವರ್ಷ ಆ ಟೆಂಪೊದವರನ್ನು ಬೈದಿದ್ದೇನೆ.

ಮಗಳಿಗೆ ಹೇಳಿದೆ: "ಕೊಡಬೇಕು ಅಂತೇನೂ ಇಲ್ಲ. ಕೊಟ್ಟರೆ ತಪ್ಪೂ ಇಲ್ಲ. ನಿನಗೆ ಬೇಕೆನಿಸಿದಾಗ ನೋಡು."

"ಇದನ್ನ ಹೇಳೋಕೆ ಒಂದು ನೋಟ್‌ಬುಕ್ ಮುಗಿಸಿದ್ರಾ ಅಪ್ಪ?"

ದಿನ 31

ಮೆಡಿಕಲ್ ಸ್ಟೋರಿನ ಹುಡುಗ, ಡಾಕ್ಟರು, ಡಬ್ಬಿಯ ಹಿಂಬದಿ ಮೂರೂ ಒಪ್ಪಿದ ಸಂಗತಿ ಸಿಕ್ಕಿತು, ಅಪರೂಪ. ನಿಪ್ಪಲ್ಲು ಒಂದೇ ಅಚ್ಚಿನದಾಗಿರಬೇಕು, ಭಾಗಗಳು ಬಿಚ್ಚಿಕೊಳ್ಳಬಾರದು. ಹಿಂದಿನ ತಟ್ಟೆ ಬಾಯಿಗಿಂತ ದೊಡ್ಡದಿರಬೇಕು, ಅದರಲ್ಲಿ ಗಾಳಿ ತೂತಿರಬೇಕು. ದಾರ ಕಟ್ಟಿ ಕೊರಳಿಗೆ ಹಾಕಕೂಡದು. (ಇವಳು ಕರಿದಾರ ತೆಗೆದಿಟ್ಟಿದ್ದಳು. ವಾಪಸ್ ಇಟ್ಟಳು.) ರಬ್ಬರ್ ಬಿರಿದರೆ ಎಸೆಯಬೇಕು. ಬಿದ್ದರೆ ದೊಡ್ಡವರು ಬಾಯಲ್ಲಿ ಚೀಪಿ ಶುಚಿ ಮಾಡಿ ಕೊಡುವ ಕ್ರಮ ಬೇಡ.

ಬಿಡಿಸುವ ವೇಳೆಯನ್ನೂ ಕೇಳಿಕೊಂಡು ಬಂದೆ, ಕಂಟ್ರೋಲರ್ ಬುದ್ಧಿ. ಆರು ತಿಂಗಳ ನಂತರ ಕಡಿಮೆ ಮಾಡುತ್ತಾ ಬಂದರೆ ಕಿವಿಸೋಂಕಿಗೆ ಒಳ್ಳೆಯದು. ವರ್ಷಗಟ್ಟಲೆ ಬಿಡದಿದ್ದರೆ ಹಲ್ಲಿನ ಸಾಲು ಕೆಡುತ್ತದೆ.

ದಿನ 33

ಸಂಜೆ 7.30: ಹಾಲು, ಎರಡೂ ಕಡೆ.
7.55: ಮುಷ್ಟಿ ಬಾಯಿಗೆ. ಮಗಳು ಮತ್ತೆ ಎದೆಗೆ ಹಚ್ಚಿದಳು. ತಲೆ ತಿರುಗಿಸಿತು. ಹಾಲು ಬೇಡ.
8.02: ಎತ್ತಿ ತಿರುಗಾಡಿಸಿದ್ದು ನಾನು. ಸುಮ್ಮನಾಗಲಿಲ್ಲ. ಬಾಯಿ ಮಾತ್ರ ಚುಟುಚುಟು.
8.06: ಮಗಳು: "ಅಮ್ಮ, ಅದನ್ನ ಕುದಿಸಿಟ್ಟಿದ್ದೀಯಾ?"
8.08: ಕೊಟ್ಟಳು. ಪುಟ್ಟಿ ಮುಖ ಕಿವುಚಿತು. ನಾಲಿಗೆಯಿಂದ ಹೊರಗೆ ತಳ್ಳಿತು. ಯಾರೂ ಒತ್ತಾಯಿಸಲಿಲ್ಲ. ತುಟಿಗೆ ತಾಗಿಸಿದಾಗ ತಾನೇ ಹಿಡಿಯಿತು.
8.11: ಚೀಪುತ್ತಿದೆ. ಎಣಿಸಿದೆ. ಸೆಕೆಂಡಿಗೆ ಎರಡು.
8.19: ಕಣ್ಣು ಮುಚ್ಚಿತು.
8.21: ನಿಪ್ಪಲ್ಲು ಬಾಯಿಂದ ಜಾರಿ ಬಿತ್ತು. ಮತ್ತೆ ಇಡಲು ಕೈ ಹೋಯಿತು. ನಿದ್ದೆ ಬಂದ ಮೇಲೆ ಬಿದ್ದರೆ ಮತ್ತೆ ಇಡಬೇಕಿಲ್ಲ ಎಂದು ಓದಿದ್ದೆ. ಇಡಲಿಲ್ಲ.
8.22: ಮಗಳು ಊಟಕ್ಕೆ ಕೂತಳು. ಬಾಣಂತಿ ಬಿಸಿ ಅನ್ನ ಉಂಡದ್ದು ಈ ವಾರದಲ್ಲಿ ಇದೇ ಮೊದಲು.
9.40: ಬಾಯಿ ಹುಡುಕುತ್ತಿದೆ. ನಿಪ್ಪಲ್ಲು ಬಟ್ಟಲಲ್ಲೇ ಇದೆ.
9.41: ಹಾಲು.

ಲಂಗೋಟಿ: 8. ಒಣಗಿದ್ದು: 2.